ನಗರಸಭೆ ಲೆಕ್ಕ ಶಾಖೆಯಿಂದ ಮತ್ತೆ ಸಿಎ ಪ್ರಾಕ್ಟೀಸಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಕ್ಟೀಸ್ ಬಿಟ್ಟು ನಗರಸಭೆ, ಮಹಾನಗರ ಪಾಲಿಕೆ, ಜಿಲ್ಲಾ ಪಂಚಾಯಿತಿ ಕಡೆ ಹೋದ ಸಿಎಗಳು ಕೆಲವರು ಈಗ ವಾಪಸ್ ಬರುತ್ತಿದ್ದಾರೆ. ಅದರಲ್ಲೂ ಸ್ಮಾರ್ಟ್ ಸಿಟಿ ಕಂಪನಿಗಳಲ್ಲಿ ಗುತ್ತಿಗೆ ಮೇಲೆ ಇದ್ದವರು. ಕರ್ನಾಟಕದಲ್ಲಿ ಬೆಂಗಳೂರು, ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು ಹೀಗೆ ಏಳು ಕಡೆ ಆ ಕಂಪನಿಗಳಿದ್ದವು. ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ನಾನೂ ಪ್ರಾಕ್ಟೀಸಿನಿಂದ ಸ್ಥಳೀಯ ಸಂಸ್ಥೆಗೆ ಹೋಗಿ, ಮತ್ತೆ ಪ್ರಾಕ್ಟೀಸಿಗೆ ಬಂದವನು. ಫೋನ್ ಮಾಡುವವರು ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು.

ವಾಪಸ್ ಬರುವುದು ಸರಿಯಾ? ಇಷ್ಟು ವರ್ಷ ವ್ಯರ್ಥ ಆಯ್ತಾ?

ವ್ಯರ್ಥ ಆಗಿಲ್ಲ. ಆದರೆ ಆ ವರ್ಷಗಳು ತಾವಾಗಿಯೇ ದುಡ್ಡು ತರುವುದೂ ಇಲ್ಲ. ಬರುವವರಲ್ಲಿ ಹೆಚ್ಚಿನವರು "ನನಗೆ ಕಮಿಷನರ್ ಗೊತ್ತು, ಇಂಜಿನಿಯರ್‌ಗಳು ಗೊತ್ತು, ಕಂಟ್ರಾಕ್ಟರ್‌ಗಳೆಲ್ಲ ಗೊತ್ತು" ಎಂಬುದನ್ನೇ ಬಂಡವಾಳ ಅಂದುಕೊಂಡಿರುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ಉಲ್ಟಾ. ಪರಿಚಯ ಅನ್ನುವುದೇ ನಿಮ್ಮ ಹತ್ತಿರ ಇರುವ ಅತ್ಯಂತ ಅಪಾಯದ ವಸ್ತು. ಕಮಿಷನರ್ ವರ್ಗಾವಣೆ ಆದ ದಿನ ಅದರ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಇಳಿಯುವವರೆಗೆ ಅದು ನಿಮ್ಮ ಹೆಸರನ್ನು ಯಾವ ಕೊಚ್ಚೆಗಾದರೂ ಎಳೆಯಬಹುದು. ಒಂದು ಬಿಲ್ ಎಲ್ಲಿ ಹುಟ್ಟಿ, ಯಾರ ಟೇಬಲ್ ದಾಟಿ, ಯಾಕೆ ನಿಂತು, ಏನು ಕಟಾವಾಗಿ ಖಾತೆಗೆ ಬರುತ್ತದೆ ಎಂಬ ತಿಳಿವಳಿಕೆ ಇದೆಯಲ್ಲ, ಬೆಲೆ ಇರುವುದು ಅದಕ್ಕೆ. ಅದು ವರ್ಗಾವಣೆ ಆಗುವುದಿಲ್ಲ.

ಕಚೇರಿ ಬಿಡುವಾಗ ಯಾವ ಕಾಗದ ತಗೋಬೇಕು?

ಬಿಡುಗಡೆ ಆದೇಶ, ಬೇಬಾಕಿ ಪ್ರಮಾಣಪತ್ರ, ಕೊನೆಯ ವೇತನ ಪ್ರಮಾಣಪತ್ರ, ಫಾರ್ಮ್ 16. ಇವು ಎಲ್ಲರಿಗೂ ಗೊತ್ತು. ಜನ ಮರೆಯುವುದು ಚಾರ್ಜ್ ಪಟ್ಟಿಯನ್ನು, ಅಂದರೆ ಹುದ್ದೆ ಬಿಡುವಾಗ ಏನೇನು ವಹಿಸಿಕೊಟ್ಟಿರಿ ಎಂಬ ಪಟ್ಟಿಯನ್ನು. ಯಾವ ನಗದು ಪುಸ್ತಕ ಯಾವ ತಾರೀಖಿಗೆ ಎಷ್ಟು ಶಿಲ್ಕು ತೋರಿಸಿತ್ತು, ಯಾವ ಚೆಕ್ ಪುಸ್ತಕ ಎಷ್ಟನೇ ಹಾಳೆವರೆಗೆ ಬಳಕೆ ಆಗಿತ್ತು, ಬ್ಯಾಂಕ್ ಹೊಂದಾಣಿಕೆ ಯಾವ ತಿಂಗಳವರೆಗೆ ಆಗಿತ್ತು, ಠೇವಣಿ ರಿಜಿಸ್ಟರ್ ಯಾರ ಕೈಗೆ ಹೋಯಿತು, ಡಿಜಿಟಲ್ ಸಹಿಯ ಕೀ ಯಾವಾಗ ನಿಷ್ಕ್ರಿಯ ಆಯಿತು ಎಂದೆಲ್ಲ ಬರೆದು, ಚಾರ್ಜ್ ತಗೊಂಡವರ ಸಹಿ ಹಾಕಿಸಿ, ಒಂದು ಪ್ರತಿ ಮನೆಗೆ ತನ್ನಿ. ಯಾಕೆ ಎಂದು ಮುಂದೆ ಆಡಿಟ್ ಪ್ಯಾರಾ (ಆಡಿಟ್ ವರದಿಯಲ್ಲಿ ಬರುವ ಆಕ್ಷೇಪಣೆ) ಪ್ರಶ್ನೆಯಲ್ಲಿ ಹೇಳುತ್ತೇನೆ.

ಕಾಯಂ ನೌಕರರಾಗಿದ್ದರೆ ಇನ್ನೊಂದು ಮಾತು. ರಾಜೀನಾಮೆ ಬೇರೆ, ಸ್ವಯಂ ನಿವೃತ್ತಿ ಬೇರೆ. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆ ಸಾಮಾನ್ಯವಾಗಿ ಪಿಂಚಣಿಗೆ ಲೆಕ್ಕಕ್ಕೆ ಬರುವುದಿಲ್ಲ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಎನ್‌ಪಿಎಸ್ ಇದೆ. ಅವಧಿಗೆ ಮೊದಲು ಹೊರಬಂದರೆ ಎಷ್ಟು ಕೈಗೆ, ಎಷ್ಟು ತಿಂಗಳ ಪಿಂಚಣಿ ಕೊಡುವ ಆನ್ಯುಟಿಗೆ ಎಂದು ಮೊದಲೇ ಲೆಕ್ಕ ಹಾಕಿ. ಸಿಟ್ಟಿನಲ್ಲಿ ಒಂದು ಸಾಲಿನ ರಾಜೀನಾಮೆ ಪತ್ರ ಬರೆದು ಆಮೇಲೆ ತಲೆ ಚಚ್ಚಿಕೊಂಡವರನ್ನು ನೋಡಿದ್ದೇನೆ.

ಸಿಒಪಿ (ಪ್ರಾಕ್ಟೀಸ್ ಮಾಡಲು ಬೇಕಾದ ಪ್ರಮಾಣಪತ್ರ) ಮತ್ತೆ ಪಡೆಯುವುದು ಕಷ್ಟವಾ?

ಕಷ್ಟ ಏನಿಲ್ಲ. ಸಿಎಗಳ ಸಂಸ್ಥೆ ಐಸಿಎಐನ ಸೆಲ್ಫ್ ಸರ್ವೀಸ್ ಪೋರ್ಟಲ್‌ನಲ್ಲಿ ಫಾರ್ಮ್ 6 ಹಾಕಬೇಕು. ಅದಕ್ಕೆ ಮುಂಚೆ ಸದಸ್ಯತ್ವ ಚಾಲ್ತಿಯಲ್ಲಿದೆಯಾ ನೋಡಿಕೊಳ್ಳಿ. ವಾರ್ಷಿಕ ಶುಲ್ಕ ಏಪ್ರಿಲ್ 1ಕ್ಕೆ ಬಾಕಿ ಬೀಳುತ್ತದೆ. ಸೆಪ್ಟೆಂಬರ್ 30ರೊಳಗೆ ಕಟ್ಟದಿದ್ದರೆ ಹೆಸರು ರಿಜಿಸ್ಟರಿನಿಂದ ಹೋಗುತ್ತದೆ. ನೌಕರಿಯಲ್ಲಿದ್ದಾಗ "ಹೇಗೂ ಸಹಿ ಮಾಡಲ್ಲವಲ್ಲ" ಎಂದು ಶುಲ್ಕ ಕಟ್ಟದೆ ಬಿಟ್ಟವರು ತುಂಬಾ ಜನ. ಹಾಗಾಗಿದ್ದರೆ ಮೊದಲು ಫಾರ್ಮ್ 9 ಹಾಕಿ ಸದಸ್ಯತ್ವ ಮರಳಿ ಪಡೆದು, ಆಮೇಲೆ ಸಿಒಪಿ.

ಫರ್ಮ್ ಹೆಸರಿನಲ್ಲಿ ಕೆಲಸ ಮಾಡುವುದಾದರೆ ಫಾರ್ಮ್ 117ರಲ್ಲಿ ಹೆಸರಿಗೆ ಅನುಮೋದನೆ, ನಂತರ ಫಾರ್ಮ್ 18. ನಿಮ್ಮದೇ ಹೆಸರಿನಲ್ಲಿ ಕೂತರೆ ಈ ಎರಡೂ ಬೇಡ. ಹಳೆಯ ಫರ್ಮ್ ಹೆಸರು ಸಿಕ್ಕೇ ಸಿಗುತ್ತದೆ ಎಂದು ಮೊದಲೇ ಬೋರ್ಡ್ ಬರೆಸಿಬಿಡಬೇಡಿ.

ಸಿಪಿಇ (ಸದಸ್ಯರ ನಿರಂತರ ಕಲಿಕೆ) ಗಂಟೆಗಳನ್ನೂ ಈಗಲೇ ಶುರು ಮಾಡಿ. ಸಿಒಪಿ ಇರುವ, 60 ವರ್ಷದೊಳಗಿನ ಸದಸ್ಯರಿಗೆ ಮೂರು ವರ್ಷದ ಅವಧಿಗೆ 120 ಗಂಟೆ. ಅದರಲ್ಲಿ ಪ್ರತಿ ವರ್ಷ ಕನಿಷ್ಠ 20 ಗಂಟೆ ತರಗತಿ ರೂಪದ್ದಾಗಿರಬೇಕು. ಡಿಸೆಂಬರ್ ಕೊನೆಯ ವಾರ ಐಸಿಎಐ ಬ್ರಾಂಚಿನಲ್ಲಿ ಕುರ್ಚಿ ಸಿಗುವುದಿಲ್ಲ, ಗೊತ್ತಲ್ವಾ.

ನೌಕರಿಯಲ್ಲಿ ಇದ್ದುಕೊಂಡೇ ನಾಲ್ಕು ರಿಟರ್ನ್ ಹಾಕುತ್ತಾ ಶುರು ಮಾಡಬಹುದಾ?

ಬೇಡ. ಸೇವಾ ನಿಯಮವೂ ಒಪ್ಪುವುದಿಲ್ಲ, ನಮ್ಮ ಕಾಯ್ದೆಯೂ ಒಪ್ಪುವುದಿಲ್ಲ. ಮನೆಯವರ ಹೆಸರಿನಲ್ಲಿ ಮಾಡಿದರೂ ಅದೇ ಕಥೆ.

ನಾನು ಇಲ್ಲದ ಹೊತ್ತಿನಲ್ಲಿ ಪ್ರಾಕ್ಟೀಸಿನಲ್ಲಿ ಏನೇನು ಬದಲಾಗಿದೆ?

ಯಾವಾಗ ಬಿಟ್ಟಿರಿ ಎಂಬುದರ ಮೇಲೆ ಹೋಗುತ್ತದೆ. 2018ರ ಸುಮಾರಿಗೆ ಬಿಟ್ಟವರಿಗೆ ಹೇಳುತ್ತೇನೆ, ಅವರದೇ ಜಾಸ್ತಿ ಫೋನ್.

ಮೊದಲನೆಯದು ಯುಡಿಐಎನ್, ಅಂದರೆ ಸಿಎ ಸಹಿ ಮಾಡುವ ಪ್ರತಿ ದಾಖಲೆಗೂ ಐಸಿಎಐ ಪೋರ್ಟಲಿನಲ್ಲಿ ಪಡೆಯುವ ಸಂಖ್ಯೆ. 2019ರ ಫೆಬ್ರವರಿ 1ರಿಂದ ಸರ್ಟಿಫಿಕೇಟುಗಳಿಗೆ, ಏಪ್ರಿಲ್ 1ರಿಂದ ತೆರಿಗೆ ಆಡಿಟ್‌ಗೆ, ಜುಲೈ 1ರಿಂದ ಉಳಿದ ಎಲ್ಲ ಆಡಿಟ್ ವರದಿಗಳಿಗೆ ಕಡ್ಡಾಯ ಆಯಿತು. ನೀವು ಸಹಿ ಮಾಡಿದ ಪ್ರತಿ ಹಾಳೆಯೂ ಪೋರ್ಟಲ್‌ನಲ್ಲಿ ಕೂತಿರುತ್ತದೆ. ಬ್ಯಾಂಕಿನವರು ಅಲ್ಲೇ ತೆಗೆದು ನೋಡುತ್ತಾರೆ. "ಸುಮ್ನೆ ಒಂದು ನೆಟ್‌ವರ್ತ್ ಸರ್ಟಿಫಿಕೇಟ್ ಕೊಡಿ ಸಾರ್" ಎಂಬ ಕಾಲ ಮುಗಿಯಿತು.

ಎರಡನೆಯದು ಜಿಎಸ್‌ಟಿ ಆಡಿಟ್. ನೀವು ಬಿಡುವಾಗ ಅದೊಂದು ದೊಡ್ಡ ಆದಾಯ ಆಗುತ್ತದೆ ಎಂದು ಎಲ್ಲರೂ ಕಾದಿದ್ದರು. 2020-21ನೇ ಸಾಲಿನಿಂದ ಆ ಆಡಿಟ್ಟಿನ ಫಾರ್ಮ್ 9ಸಿಗೆ ಸಿಎ ಸಹಿ ಬೇಕಿಲ್ಲ, ವರ್ತಕರೇ ದೃಢೀಕರಿಸುತ್ತಾರೆ. ಅಂದಾಜು ಆದಾಯದ ಪಟ್ಟಿಯಲ್ಲಿ ಅದನ್ನು ಬರೆದಿದ್ದರೆ ಹೊಡೆದುಹಾಕಿ. ದರಗಳೂ ಬದಲಾಗಿವೆ. 2025ರ ಸೆಪ್ಟೆಂಬರ್ 22ರಿಂದ 12 ಮತ್ತು 28ರ ಹಂತ ಬಹುಮಟ್ಟಿಗೆ ಹೋಗಿ 5, 18 ಮತ್ತು ಕೆಲವಕ್ಕೆ 40 ಉಳಿದಿವೆ.

ಮೂರನೆಯದು ತೆರಿಗೆ ಆಡಿಟ್. ವ್ಯವಹಾರದ ಮಿತಿ 1 ಕೋಟಿಯೇ. ಆದರೆ ನಗದು ವಹಿವಾಟು ಶೇ. 5 ಮೀರದಿದ್ದರೆ 10 ಕೋಟಿವರೆಗೆ ಆಡಿಟ್ ಬೇಡ. ಊರಿನ ಸಣ್ಣ ಪ್ರಾಕ್ಟೀಸುಗಳಿಗೆ ಇದು ನಿಜವಾದ ಹೊಡೆತ. ಹಳೆಯ ಕ್ಲೈಂಟ್ ಪಟ್ಟಿ ಹಿಡಿದು "ಇವರೆಲ್ಲ ಆಡಿಟ್ ಕೇಸುಗಳು" ಎಂದುಕೊಂಡರೆ ಅರ್ಧಕ್ಕರ್ಧ ಜನ ಈಗ ಆಡಿಟ್ಟೇ ಇಲ್ಲದವರಾಗಿರಬಹುದು.

ಇನ್ನು ಕಂಪನಿಗಳ ಕಡೆ ಕ್ಯಾರೊ 2020 ಬಂದಿದೆ, ಆಡಿಟ್ ವರದಿಯಲ್ಲಿ ಏನೇನು ಹೇಳಬೇಕು ಎಂಬ ಆದೇಶ ಅದು. 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರಿನಲ್ಲಿ ಎಡಿಟ್ ಲಾಗ್ (ಯಾವ ನಮೂದು ಯಾವಾಗ ಬದಲಾಯಿತು ಎಂಬ ದಾಖಲೆ) ಕಡ್ಡಾಯ. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ದುಡ್ಡು ಕೊಡದಿದ್ದರೆ ಆ ಖರ್ಚಿನ ಕಡಿತ ಆ ವರ್ಷಕ್ಕೆ ಸಿಗದ ಆದಾಯ ತೆರಿಗೆಯ 43ಬಿ(ಎಚ್) ಕಲಂ ಬಂದಿದೆ.

ಎಲ್ಲಕ್ಕಿಂತ ದೊಡ್ಡದು ಆದಾಯ ತೆರಿಗೆ ಕಾಯ್ದೆಯೇ ಹೊಸದಾಗಿರುವುದು. 2025ರ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. 536 ಕಲಂಗಳು. ಹಿಂದಿನ ವರ್ಷ, ನಿರ್ಧಾರಣಾ ವರ್ಷ ಎಂಬ ಜೋಡಿ ಹೋಗಿ ತೆರಿಗೆ ವರ್ಷ ಎಂಬ ಒಂದೇ ಮಾತು ಬಂದಿದೆ. ಟಿಡಿಎಸ್ (ಪಾವತಿ ಮಾಡುವಾಗಲೇ ಹಿಡಿಯುವ ತೆರಿಗೆ) ಕಲಂಗಳೆಲ್ಲ 392, 393ರಲ್ಲಿ ಸೇರಿಕೊಂಡಿವೆ. ಆದರೆ 2026ರ ಮಾರ್ಚ್ 31ರವರೆಗಿನ ಆದಾಯಕ್ಕೆ 1961ರ ಕಾಯ್ದೆಯೇ. ಹಾಗಾಗಿ ಕೆಲವು ವರ್ಷ ಎರಡೂ ಪುಸ್ತಕ ಮೇಜಿನ ಮೇಲಿರಬೇಕು. ಈಗ ವಾಪಸ್ ಬರುವವರಿಗೆ ಇದರಲ್ಲಿ ಒಂದು ಸಮಾಧಾನ ಉಂಟು. 194ಸಿ, 194ಜೆ ಎಂದು ಹಳೆಯ ಟಿಡಿಎಸ್ ಕಲಂಗಳನ್ನು ಬಾಯಿಪಾಠ ಮಾಡಿದ ಹಳಬರೂ ನಿಮ್ಮ ಜೊತೆಗೇ ಹೊಸದಾಗಿ ಕಲಿಯುತ್ತಿದ್ದಾರೆ.

ನಗರಸಭೆ ಅನುಭವಕ್ಕೆ ದುಡ್ಡು ಕೊಡುವ ಕ್ಲೈಂಟ್ ಯಾರು?

ಮೊದಲು ಸಿವಿಲ್ ಕಂಟ್ರಾಕ್ಟರ್‌ಗಳು. ಒಂದು ಬಿಲ್ ತಗೊಳ್ಳಿ. ರಸ್ತೆ ಕೆಲಸ, ಅಳತೆ ಪುಸ್ತಕದ ಪ್ರಕಾರ ಮೌಲ್ಯ 10,00,000. ಮೇಲೆ ಶೇ. 18 ಜಿಎಸ್‌ಟಿ 1,80,000. ಒಟ್ಟು 11,80,000. ಕಂಟ್ರಾಕ್ಟರ್ ಒಬ್ಬ ವ್ಯಕ್ತಿ ಆಗಿದ್ದರೆ ಆದಾಯ ತೆರಿಗೆ ಟಿಡಿಎಸ್ ಶೇ. 1, ಅಂದರೆ 10,000. ಗುತ್ತಿಗೆ ಮೊತ್ತ 2.5 ಲಕ್ಷ ದಾಟಿದ್ದರಿಂದ ಜಿಎಸ್‌ಟಿ ಟಿಡಿಎಸ್ ಶೇ. 2, ಅಂದರೆ 20,000. ಕಟ್ಟಡ ಕಾರ್ಮಿಕರ ಸೆಸ್ ಶೇ. 1, ಅಂದರೆ 10,000. ಭದ್ರತಾ ಠೇವಣಿ ಶೇ. 5 ಎಂದುಕೊಳ್ಳಿ, 50,000. ಜಲ್ಲಿ, ಮರಳಿನ ರಾಯಲ್ಟಿ ಬೇರೆ. ರಾಯಲ್ಟಿ ಬಿಟ್ಟು ಖಾತೆಗೆ ಬಂದದ್ದು 10,90,000.

ಕಂಟ್ರಾಕ್ಟರ್ ಪಾಸ್‌ಬುಕ್ ತಂದು ಮುಂದಿಡುತ್ತಾರೆ. ಅದನ್ನೇ ನೋಡಿ ಬರೆದರೆ ವಹಿವಾಟು 10,90,000 ಅಂತ ಆಗುತ್ತದೆ. ಅದು ಯಾವ ಲೆಕ್ಕಕ್ಕೂ ಹೊಂದುವುದಿಲ್ಲ. ವಹಿವಾಟು 10 ಲಕ್ಷ, ಕಟ್ಟಬೇಕಾದ ಜಿಎಸ್‌ಟಿ 1.8 ಲಕ್ಷ. ಭದ್ರತಾ ಠೇವಣಿ ಬರಬೇಕಾದ ಆಸ್ತಿ, ಖರ್ಚಲ್ಲ. ಅದನ್ನು ಖರ್ಚಿಗೆ ಬರೆದು, ಮೂರು ವರ್ಷ ಆದ ಮೇಲೆ ವಾಪಸ್ ಬಂದಾಗ "ಇದೇನು ಆದಾಯವಾ" ಎಂದು ಕೇಳುವವರು ಬೇಕಾದಷ್ಟು ಜನ. ಜಿಎಸ್‌ಟಿ ಟಿಡಿಎಸ್‌ನ 20,000 ಸುಮ್ಮನೆ ಲೆಡ್ಜರಿಗೆ ಬರುವುದಿಲ್ಲ. ಪೋರ್ಟಲ್‌ನಲ್ಲಿ ಒಪ್ಪಿಕೊಂಡರೆ ಮಾತ್ರ ನಗದು ಲೆಡ್ಜರಿಗೆ ಜಮೆ. ವರ್ಷಗಟ್ಟಲೆ ಒಪ್ಪಿಕೊಳ್ಳದೆ ಬಿಟ್ಟ ಮೊತ್ತ ಹುಡುಕಿ ಕೊಟ್ಟರೆ ಆ ಕ್ಲೈಂಟ್ ಮತ್ತೆ ನಿಮ್ಮನ್ನು ಬಿಟ್ಟು ಹೋಗುವುದಿಲ್ಲ. ಬಿಲ್ಲಿನ ಈ ಕಡೆಯೂ ಆ ಕಡೆಯೂ ಗೊತ್ತಿರುವ ಸಿಎ ಊರಿಗೆ ಒಬ್ಬರೋ ಇಬ್ಬರೋ.

ಎರಡನೆಯವರು ನಗರಸಭೆ ಮಳಿಗೆ ಬಾಡಿಗೆಗೆ ಹಿಡಿದ ವರ್ತಕರು. ಬಸ್ ಸ್ಟ್ಯಾಂಡ್ ಪಕ್ಕದ ಕಾಂಪ್ಲೆಕ್ಸಿನಲ್ಲಿ ಅಂಗಡಿ ಇಟ್ಟವರು ಜಿಎಸ್‌ಟಿ ನೋಂದಣಿ ಪಡೆದಿದ್ದರೆ ಆ ಬಾಡಿಗೆಯ ಮೇಲಿನ ತೆರಿಗೆಯನ್ನು ರಿವರ್ಸ್ ಚಾರ್ಜ್‌ನಲ್ಲಿ ಅವರೇ ಕಟ್ಟಬೇಕು. 2018ರ ಜನವರಿ 25ರಿಂದ ಇದೆ. ಎಷ್ಟು ಜನ ಕಟ್ಟುತ್ತಾರೆ? ನೋಟಿಸ್ ಬಂದ ಮೇಲೆ ಓಡಿ ಬರುತ್ತಾರೆ.

ಮೂರನೆಯದು ಸ್ಥಳೀಯ ಸಂಸ್ಥೆಗಳೇ. ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳಲ್ಲಿ 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ಪ್ರಕಾರ ನಿಧಿ ಆಧಾರಿತ ಜೋಡಿ ನಮೂದು ಪದ್ಧತಿ ಇದೆ, ನಾವು ಎಫ್‌ಬಿಎಎಸ್ ಅನ್ನುವುದು. ವಾರ್ಷಿಕ ಲೆಕ್ಕ ತಯಾರಿಸಲು ಸಿಎ ಫರ್ಮ್‌ಗಳ ನೆರವು ತಗೊಳ್ಳುತ್ತಾರೆ. 15ನೇ ಹಣಕಾಸು ಆಯೋಗ ಬಂದ ಮೇಲೆ ಇದಕ್ಕೆ ಬಿಸಿ ಮುಟ್ಟಿತು. ಲೆಕ್ಕ ಆನ್‌ಲೈನ್‌ನಲ್ಲಿ ಹಾಕದ ಸಂಸ್ಥೆಗೆ 2023-24ರಿಂದ ಅನುದಾನವೇ ಇಲ್ಲ ಎಂದು ಷರತ್ತು ಹಾಕಿದರು. ಅಲ್ಲಿವರೆಗೆ ಮೂಲೆಯಲ್ಲಿ ಬಿದ್ದಿದ್ದ ಬ್ಯಾಲೆನ್ಸ್ ಶೀಟಿಗೆ ಇದ್ದಕ್ಕಿದ್ದಂತೆ ಮರ್ಯಾದೆ ಬಂತು. ಬೆಂಗಳೂರಿನಲ್ಲಿ ಈಗ ಇನ್ನೊಂದು ಕೆಲಸ ಹುಟ್ಟಿದೆ. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ಒಂದು ಸಂಸ್ಥೆಯ ಆಸ್ತಿ, ಸಾಲ, ಠೇವಣಿ, ಬಾಕಿ ಬಿಲ್ಲುಗಳನ್ನು ಐದು ಕಡೆ ಹಂಚಿ ಆರಂಭ ಶಿಲ್ಕು ಕೂರಿಸುವುದು ಎಂಥ ಕೆಲಸ ಎಂದು ಠೇವಣಿ ರಿಜಿಸ್ಟರ್ ತಿರುವಿ ಹಾಕಿದವರಿಗೆ ಬೇರೆ ಹೇಳಬೇಕಿಲ್ಲ.

ಸಹಕಾರ ಸಂಘ, ಸೌಹಾರ್ದ ಸಹಕಾರಿಗಳ ಆಡಿಟ್ ಬೇರೆಯೇ ಲೋಕ. ಜಿಲ್ಲಾ ಕೇಂದ್ರಗಳಲ್ಲಿ ಎಷ್ಟೋ ಪ್ರಾಕ್ಟೀಸುಗಳ ಅನ್ನ ಅದು. ಅಲ್ಲಿ ನಗರಸಭೆ ಅನುಭವಕ್ಕೆ ವಿಶೇಷ ಬೆಲೆ ಇಲ್ಲ. ಆದರೆ ಸಭೆ ನಡವಳಿ ಓದುವ ಅಭ್ಯಾಸ ಉಪಯೋಗಕ್ಕೆ ಬರುತ್ತದೆ.

ನಾನು ಬಿಲ್ ಪಾಸ್ ಮಾಡಿದ ಕಂಟ್ರಾಕ್ಟರ್‌ನೇ ಕ್ಲೈಂಟ್ ಆಗಿ ಬಂದರೆ?

ಬರುತ್ತಾರೆ. ಮೊದಲು ಬರುವವರೇ ಅವರು. ಕಚೇರಿ ಪೂಜೆಗೆ ಕರೆಯದೆಯೇ ಹೂವಿನ ಹಾರ ಹಿಡಿದು ನಿಂತಿರುತ್ತಾರೆ. ಕೆಲವರು ನಿಜವಾಗಿ ಲೆಕ್ಕ ಸರಿಮಾಡಿಸಲು, ಕೆಲವರು "ಸಾರ್, ಆ ಹಳೇ ಬಿಲ್ ಸ್ವಲ್ಪ ನೋಡಿ, ನಿಮ್ಮ ಮಾತು ನಡೆಯುತ್ತೆ" ಎನ್ನಲು.

ನನ್ನ ನಿಯಮ ಹೀಗಿದೆ. ನಾನು ಕಡತದ ಮೇಲೆ ಟಿಪ್ಪಣಿ ಬರೆದ ಕಾಮಗಾರಿಯ ಬಗ್ಗೆ ಯಾರ ಪರವಾಗಿಯೂ ಕಚೇರಿಗೆ ಹೋಗುವುದಿಲ್ಲ, ಫೋನೂ ಮಾಡುವುದಿಲ್ಲ. ಆ ಕಾಮಗಾರಿಯ ವ್ಯಾಜ್ಯದಲ್ಲಿ ಸಲಹೆ ಕೊಡುವುದಿಲ್ಲ. ರಿಟರ್ನ್, ಆಡಿಟ್, ಮುಂದಿನ ವರ್ಷದ ಲೆಕ್ಕ ಬೇಕಾದರೆ ಮಾಡುತ್ತೇನೆ. ಇದನ್ನು ಮೊದಲ ದಿನವೇ ಎಂಗೇಜ್‌ಮೆಂಟ್ ಪತ್ರದಲ್ಲಿ ಬರೆಯುತ್ತೇನೆ. ಅರ್ಧ ಜನ ಅಲ್ಲಿಂದಲೇ ಎದ್ದು ಹೋಗುತ್ತಾರೆ. ಹೋಗಲಿ ಬಿಡಿ.

ಇದು ಬರೀ ನೀತಿಯ ಮಾತಲ್ಲ. ನೌಕರಿಯಲ್ಲಿದ್ದಾಗ ತಿಳಿದ ಗೋಪ್ಯ ವಿಷಯವನ್ನು ಹೊರಗೆ ಬಿಡುವುದು ನಮ್ಮ 1949ರ ಕಾಯ್ದೆಯ ಎರಡನೇ ಅನುಸೂಚಿಯಲ್ಲೇ ವೃತ್ತಿ ದುರ್ನಡತೆ. ಟೆಂಡರ್ ಅಂದಾಜು, ಯಾವ ಅನುದಾನ ಯಾವಾಗ ಬರುತ್ತದೆ, ಯಾರ ಮೇಲೆ ವಿಚಾರಣೆ ಇದೆ, ಇವೆಲ್ಲ ಅದರೊಳಗೇ ಬರುತ್ತವೆ. ಕ್ಲೈಂಟ್ ತಂದುಕೊಟ್ಟ ಹಳೆಯ ಸಹೋದ್ಯೋಗಿಗೆ ಕಮಿಷನ್ ಕೊಟ್ಟರೆ ಮೊದಲನೇ ಅನುಸೂಚಿ ಹಿಡಿಯುತ್ತದೆ. "ಬಿಲ್ ಬಂದರೆ ಶೇ. 2 ನಿಮಗೆ" ಎಂಬ ಫೀಸೂ ನಡೆಯುವುದಿಲ್ಲ.

ಅದೇ ನಗರಸಭೆಯ ಆಡಿಟ್ ನಾನೇ ಮಾಡಬಹುದಾ?

ನಗರಸಭೆಯ ಶಾಸನಬದ್ಧ ಆಡಿಟ್ ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯದು, ಅದು ನಮಗೆ ಬರುವುದಿಲ್ಲ. ಬರುವುದು ಲೆಕ್ಕ ತಯಾರಿ, ಆಂತರಿಕ ಪರಿಶೀಲನೆ, ಯೋಜನಾವಾರು ಬಳಕೆ ಪ್ರಮಾಣಪತ್ರ ಇಂಥವು. ನೀವು ಅಧಿಕಾರಿಯಾಗಿದ್ದ ಅವಧಿಯ ಲೆಕ್ಕಕ್ಕೆ ನೀವೇ ಪ್ರಮಾಣಪತ್ರ ಕೊಡಬಾರದು. ಲೆಕ್ಕದ ಮೇಲೆ ಪ್ರಭಾವ ಬೀರುವ ಹುದ್ದೆಯಲ್ಲಿದ್ದವರು ಆ ಅವಧಿಯ ಆಡಿಟ್ ತಂಡದಲ್ಲಿ ಇರಬಾರದು ಎಂದು ನೀತಿ ಸಂಹಿತೆಯೇ ಹೇಳುತ್ತದೆ. ಸ್ಮಾರ್ಟ್ ಸಿಟಿ ಕಂಪನಿಗಳ ಆಡಿಟರ್‌ನ್ನು ಸಿಎಜಿ ನೇಮಿಸುತ್ತಾರೆ, ಅಲ್ಲಿಯೂ ಇದೇ ಮಾತು. ನಾನಂತೂ ನಂತರದ ವರ್ಷಗಳಿಗೂ ಆ ಕಚೇರಿಯ ತಂಟೆಗೆ ಹೋಗಲಿಲ್ಲ. ಪಕ್ಕದ ತಾಲ್ಲೂಕಿನಲ್ಲಿ ಬೇಕಾದಷ್ಟು ಕೆಲಸ ಇರುತ್ತದೆ.

ವಿಸಿಟಿಂಗ್ ಕಾರ್ಡಿನಲ್ಲಿ "ಮಾಜಿ ಮುಖ್ಯ ಲೆಕ್ಕಾಧಿಕಾರಿ" ಎಂದು ಹಾಕಬಹುದಾ?

ಹಾಕಬೇಡಿ. ಪ್ರಾಕ್ಟೀಸಿನಲ್ಲಿರುವವರಿಗೆ ಚಾರ್ಟರ್ಡ್ ಅಕೌಂಟೆಂಟ್ ಎಂಬ ಒಂದೇ ಪದನಾಮ.

ಸ್ವಂತ ಕಚೇರಿಯಾ, ಯಾರದಾದರೂ ಫರ್ಮ್‌ಗೆ ಪಾರ್ಟ್ನರ್ ಆಗಿ ಸೇರುವುದಾ?

ಐದು ವರ್ಷಕ್ಕಿಂತ ಹೆಚ್ಚು ದೂರ ಇದ್ದವರಿಗೆ ಫರ್ಮ್ ಸೇರಿ ಎಂದೇ ಹೇಳುತ್ತೇನೆ. ಕಾರಣ ಫೀಸ್ ಅಲ್ಲ, ಸಹಿ.

ಕಚೇರಿಯಲ್ಲಿ ನಮ್ಮ ಸಹಿ ಒಂಟಿಯಲ್ಲ. ಗುಮಾಸ್ತರು ಕಡತ ಮಂಡಿಸುತ್ತಾರೆ, ಅಧೀಕ್ಷಕರು ಪರಿಶೀಲಿಸುತ್ತಾರೆ, ನಾವು "ಆದೇಶಕ್ಕಾಗಿ ಸಲ್ಲಿಸಿದೆ" ಎಂದು ಬರೆಯುತ್ತೇವೆ, ಮೇಲಿನವರು ಆದೇಶ ಮಾಡುತ್ತಾರೆ. ಅನುಮಾನ ಬಂದರೆ "ಚರ್ಚಿಸಿ" ಎಂದು ಬರೆದು ಕೆಳಗೆ ಕಳಿಸಬಹುದು. ಎರಡು ವಾರ ಉಸಿರಾಡಬಹುದು. ಪ್ರಾಕ್ಟೀಸಿನಲ್ಲಿ ಸೆಪ್ಟೆಂಬರ್ 30ರ ರಾತ್ರಿ "ಚರ್ಚಿಸಿ" ಎಂದು ಬರೆಯಲು ಯಾರೂ ಇಲ್ಲ. ಅಭಿಪ್ರಾಯ ನಿಮ್ಮದು, ಯುಡಿಐಎನ್ ನಿಮ್ಮದು, ನೋಟಿಸ್ ಬಂದರೆ ಉತ್ತರವೂ ನಿಮ್ಮದೇ. ಈ ಬದಲಾವಣೆಗೆ ಮನಸ್ಸು ಹೊಂದಿಕೊಳ್ಳುವವರೆಗೆ ಪಕ್ಕದ ಕೋಣೆಯಲ್ಲಿ ಇನ್ನೊಬ್ಬ ಸಿಎ ಇದ್ದರೆ ಒಳ್ಳೆಯದು. ವಾಪಸ್ ಬಂದ ಒಬ್ಬ ಗೆಳೆಯರು ಮೊದಲ ಆಡಿಟ್ ವರದಿಯನ್ನು ಟಿಪ್ಪಣಿ ಹಾಳೆಯ ಧಾಟಿಯಲ್ಲಿ ಬರೆದಿದ್ದರು. ಕೊನೆಯ ಸಾಲು, "ಸೂಕ್ತ ಕ್ರಮಕ್ಕಾಗಿ ಸಲ್ಲಿಸಿದೆ."

ಫರ್ಮ್ ಸೇರುವುದಾದರೆ ಡೀಡ್‌ನಲ್ಲಿ ಮೂರು ವಿಷಯ ಬಾಯಿ ಮಾತಿನಲ್ಲಿ ಬಿಡಬೇಡಿ. ನೀವು ತಂದ ಕ್ಲೈಂಟ್ ನೀವು ಹೊರಟರೆ ಯಾರಿಗೆ. ತಿಂಗಳಿಗೆ ಎಷ್ಟು ಡ್ರಾ ಮಾಡಬಹುದು. ನೀವು ಬರುವ ಮುಂಚಿನ ಆಡಿಟ್‌ಗಳ ಹೊಣೆ ಯಾರದು.

ದುಡ್ಡಿನ ವಿಷಯ ಹೇಳಿ. ಮೊದಲ ವರ್ಷ ಹೇಗೆ?

ತೆಳ್ಳಗೆ. ಸಂಬಳ ಒಂದನೇ ತಾರೀಖಿಗೆ ಬರುತ್ತಿತ್ತು. ಫೀಸ್ ಕೆಲಸ ಮುಗಿದು, ಬಿಲ್ ಕೊಟ್ಟು, ಎರಡು ಸಲ ಜ್ಞಾಪಿಸಿದ ಮೇಲೆ ಬರುತ್ತದೆ. ಅದರಲ್ಲೂ ವರ್ಷದಲ್ಲಿ ಒಂದಾದ ಮೇಲೊಂದು ಬರುವುದಿಲ್ಲ, ಅಕ್ಟೋಬರ್ ನವೆಂಬರಿನಲ್ಲಿ ರಾಶಿ ಬೀಳುತ್ತದೆ. ಹಾಗಾಗಿ ಒಂದು ವರ್ಷದ ಮನೆ ಖರ್ಚು ಬೇರೆ ಎತ್ತಿಡಿ. ಆರು ತಿಂಗಳದ್ದು ಸಾಕು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಜೂನ್‌ನಲ್ಲಿ ಶುರು ಮಾಡಿದವರಿಗೆ ಡಿಸೆಂಬರ್ ಬರುವಷ್ಟರಲ್ಲಿ ಮೊದಲ ಸುತ್ತು ಫೀಸ್ ಅಷ್ಟೇ ಬಂದಿರುತ್ತದೆ.

ಕಂಪನಿ ಕ್ಲೈಂಟುಗಳು ವರ್ಷಕ್ಕೆ 50,000 ದಾಟಿದ ಫೀಸಿನಲ್ಲಿ ಶೇ. 10 ಟಿಡಿಎಸ್ ಹಿಡಿಯುತ್ತಾರೆ. ಮೊದಲ ವರ್ಷ ಆದಾಯ ಕಡಿಮೆ ಇದ್ದರೆ ಅದು ರೀಫಂಡ್ ಆಗಿ ವರ್ಷ ದಾಟಿ ಬರುತ್ತದೆ. ಫೀಸ್ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ವೃತ್ತಿ ತೆರಿಗೆ ವರ್ಷಕ್ಕೆ 2,500, ಇಷ್ಟು ದಿನ ಸಂಬಳದಲ್ಲಿ ಹಿಡಿಯುತ್ತಿದ್ದರು, ಈಗ ನೀವೇ ನೆನಪಿಟ್ಟು ಕಟ್ಟಬೇಕು. ಕುಟುಂಬದ ಆರೋಗ್ಯ ವಿಮೆಯನ್ನು ಕೆಲಸ ಬಿಡುವ ಮೊದಲೇ ಮಾಡಿಸಿ.

ಫೀಸ್ ಹೇಳುವಾಗ ನಾಲಿಗೆ ತಡವರಿಸುತ್ತದೆ. ಎಷ್ಟೋ ವರ್ಷ ಯಾರಿಗೂ ದರ ಹೇಳಿಲ್ಲವಲ್ಲ. ಐಸಿಎಐ ಶಿಫಾರಸು ಮಾಡಿದ ಫೀಸ್ ಪಟ್ಟಿ ಇದೆ. ಅದನ್ನು ಎದುರಿಗಿಟ್ಟುಕೊಂಡೇ ಮಾತಾಡಿ. ಪಕ್ಕದ ರಸ್ತೆಯವರು ಅರ್ಧಕ್ಕೆ ಮಾಡುತ್ತಾರೆ ಎಂದು ಕ್ಲೈಂಟ್ ಹೇಳಿದರೆ ಅಲ್ಲಿಗೇ ಕಳಿಸಿ. ಬೇರೆ ಆಡಿಟರ್‌ನ್ನು ಬಿಟ್ಟು ಬಂದವರಾದರೆ ಹಿಂದಿನವರಿಗೆ ಲಿಖಿತವಾಗಿ ತಿಳಿಸದೆ ಆಡಿಟ್ ಒಪ್ಪಿಕೊಳ್ಳಬೇಡಿ. ಅವರ ಫೀಸ್ ಬಾಕಿ ಇದೆಯಾ ಎಂಬುದೂ ಆಗ ಗೊತ್ತಾಗುತ್ತದೆ.

ಆರ್ಟಿಕಲ್ ಹುಡುಗರು (ಸಿಎ ಓದುತ್ತಾ ತರಬೇತಿಗೆ ಬರುವವರು) ಸಿಗುತ್ತಾರಾ?

ಸಿಗಬಹುದು, ಆದರೆ ಒಬ್ಬರೇ. ನಿರಂತರ ಪ್ರಾಕ್ಟೀಸಿನ ಅವಧಿ ಮೂರು ವರ್ಷ ಆಗುವವರೆಗೆ ಒಬ್ಬ ಆರ್ಟಿಕಲ್, ಐದು ವರ್ಷದವರೆಗೆ ಮೂವರು, ಏಳರವರೆಗೆ ಏಳು ಜನ, ಆಮೇಲೆ ಹತ್ತು. 2023ರ ಹೊಸ ಪದ್ಧತಿಯಲ್ಲಿ ತರಬೇತಿಯೂ ಮೂರರಿಂದ ಎರಡು ವರ್ಷಕ್ಕೆ ಇಳಿದಿದೆ. ಕೆಲಸ ಕಲಿತು ಕೈಗೆ ಬರುವಷ್ಟರಲ್ಲಿ ಹೊರಡುತ್ತಾರೆ. ಬಿ.ಕಾಂ. ಮುಗಿಸಿದ ಊರಿನ ಒಬ್ಬರನ್ನು ಸಂಬಳಕ್ಕೆ ಇಟ್ಟುಕೊಳ್ಳುವುದೇ ವಾಸಿ.

ಯಾವ ತಿಂಗಳು ಬಿಡಬೇಕು?

ಮಾರ್ಚ್‌ನಲ್ಲಿ ಕೇಳಲೇಬೇಡಿ, ಯಾರೂ ಬಿಡುವುದಿಲ್ಲ. ಅನುದಾನ ಲ್ಯಾಪ್ಸ್ ಆಗುವ ಹೊತ್ತು. ಏಪ್ರಿಲ್‌ನಲ್ಲಿ ಅರ್ಜಿ ಕೊಟ್ಟು, ಹಿಂದಿನ ವರ್ಷದ ನಗದು ಪುಸ್ತಕ ಮುಚ್ಚಿ, ಬ್ಯಾಂಕ್ ಹೊಂದಾಣಿಕೆ ಮುಗಿಸಿ, ಜೂನ್ ಒಳಗೆ ಬಿಡುಗಡೆ ಆದರೆ ರಿಟರ್ನ್ ಸೀಸನ್ನಿಗೆ ಸರಿಯಾಗಿ ಕೂರಬಹುದು. ನವೆಂಬರ್‌ನಲ್ಲಿ ಬಿಟ್ಟವರಿಗೆ ಮುಂದಿನ ಬೇಸಿಗೆವರೆಗೆ ಕುರ್ಚಿ ಒರೆಸುವುದೇ ಕೆಲಸ.

ಬಿಟ್ಟು ಬಂದ ಮೇಲೆ ನನ್ನ ಅವಧಿಯ ಆಡಿಟ್ ಪ್ಯಾರಾ ಬಂದರೆ?

ಬರುತ್ತದೆ. ಸ್ಥಳೀಯ ಸಂಸ್ಥೆಗಳ ಆಡಿಟ್ ವರ್ಷಗಳ ಹಿಂದೆ ಬಿದ್ದಿರುತ್ತದೆ. ಯಾವುದೋ ಮಧ್ಯಾಹ್ನ ಕ್ಲೈಂಟ್ ಎದುರಿಗೇ ರಿಜಿಸ್ಟರ್ಡ್ ಪೋಸ್ಟ್ ಬರುತ್ತದೆ. "ಸದರಿ ಮೊತ್ತವನ್ನು ಸಂಬಂಧಪಟ್ಟವರಿಂದ ವಸೂಲು ಮಾಡತಕ್ಕದ್ದು", ಸಂಬಂಧಪಟ್ಟವರ ಪಟ್ಟಿಯಲ್ಲಿ ನಿಮ್ಮ ಹೆಸರು. ಗಾಬರಿ ಬೇಡ, ನಿರ್ಲಕ್ಷ್ಯವಂತೂ ಬೇಡವೇ ಬೇಡ. ಪ್ರಾಕ್ಟೀಸಿನಲ್ಲಿ ಬೇರೆಯವರ ನೋಟಿಸಿಗೆ ಉತ್ತರ ಬರೆಯುವಷ್ಟೇ ಶ್ರದ್ಧೆಯಿಂದ ಇದಕ್ಕೂ ಬರೆಯಿರಿ.

ಮೊದಲು ತಾರೀಖು ನೋಡಿ, ಆ ಪಾವತಿ ಚಾರ್ಜ್ ಪಟ್ಟಿಯ ಈಚೆಗೋ ಆಚೆಗೋ. ಆಮೇಲೆ ಕಡತ. ದಾಖಲೆ ಕೊಡದ ಕಾರಣಕ್ಕೇ ಆಕ್ಷೇಪಣೆಯಾಗಿ ಉಳಿದ ಪ್ಯಾರಾಗಳು ತುಂಬಾ. ವೋಚರ್ ಕೊಟ್ಟರೆ ಅನುಪಾಲನಾ ವರದಿಯಲ್ಲಿ ಕೈಬಿಡುತ್ತಾರೆ. ಆದರೆ ವೋಚರ್ ಈಗ ನಿಮ್ಮ ಕೈಯಲ್ಲಿ ಇಲ್ಲ. ಕಚೇರಿಗೆ ಪತ್ರ ಬರೆದು ಪ್ರತಿ ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ದೃಢೀಕೃತ ನಕಲು ಕೇಳಿ. ಮುಂಜಾಗ್ರತೆಗೆಂದು ಮೂಲ ಕಡತವನ್ನೇ ಮನೆಗೆ ಒಯ್ಯುವ ಬುದ್ಧಿವಂತಿಕೆ ಮಾತ್ರ ಮಾಡಬೇಡಿ. ಪ್ಯಾರಾ ಹೋಗಿ ಕೇಸ್ ಆಗುತ್ತದೆ.

ನಾನು ಸಿಎ ಅಲ್ಲ, ಬಿ.ಕಾಂ. ಮಾಡಿ ಲೆಕ್ಕಿಗನಾಗಿದ್ದೆ. ನನಗೇನಾದರೂ ದಾರಿ?

ಇದೆ. ವಾಣಿಜ್ಯ ಪದವೀಧರರು ಪರೀಕ್ಷೆ ಬರೆದು ಜಿಎಸ್‌ಟಿ ಪ್ರಾಕ್ಟೀಷನರ್ ಆಗಬಹುದು. ಆದಾಯ ತೆರಿಗೆಯಲ್ಲೂ ಕ್ಲೈಂಟ್ ಪರವಾಗಿ ಅಧಿಕೃತ ಪ್ರತಿನಿಧಿಯಾಗಿ ಹಾಜರಾಗಬಹುದು. ಆಡಿಟ್‌ಗೆ ಸಹಿ ಮಾಡುವಂತಿಲ್ಲ. ಎಫ್‌ಬಿಎಎಸ್ ಬಲ್ಲ ಲೆಕ್ಕಿಗರನ್ನು ಸಿಎ ಫರ್ಮ್‌ಗಳು ಹುಡುಕುತ್ತಿರುತ್ತವೆ. ನಾನಂತೂ ಹುಡುಕುತ್ತಿರುತ್ತೇನೆ.

ಟೆಂಡರ್, ಪ್ಯಾನಲ್‌ಗಳಿಗೆ ಯಾವಾಗ ಅರ್ಜಿ ಹಾಕಬಹುದು?

ಸಿಎಜಿ ಪ್ಯಾನಲ್‌ಗೂ ಬ್ಯಾಂಕ್ ಶಾಖೆಗಳ ಆಡಿಟ್‌ಗೂ ಫರ್ಮ್‌ನ ವಯಸ್ಸು, ಪಾರ್ಟ್ನರ್‌ಗಳ ಸಂಖ್ಯೆ, ಎಫ್‌ಸಿಎ (ಐಸಿಎಐನ ಫೆಲೋ ಸದಸ್ಯರು) ಎಷ್ಟು ಜನ ಎಂಬುದು ಲೆಕ್ಕಕ್ಕೆ ಬರುತ್ತದೆ. ಹೊಸದಾಗಿ ಕೂತ ಒಂಟಿ ಸಿಎಗೆ ಮೊದಲ ಕೆಲವು ವರ್ಷ ಹೆಚ್ಚೇನೂ ದಕ್ಕುವುದಿಲ್ಲ. ಆದರೂ ಪ್ರತಿ ವರ್ಷ ಫಾರ್ಮ್ ತುಂಬಿ.

ಸ್ಥಳೀಯ ಸಂಸ್ಥೆಗಳ ಟೆಂಡರ್‌ನಲ್ಲಿ ನಿಮಗೆ ಒಂದು ಅನುಕೂಲ ಇದೆ, ದಾಖಲೆಯ ಭಾಷೆ ಅರ್ಥವಾಗುತ್ತದೆ. ಇ-ಸಂಗ್ರಹಣಾ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿಕೊಳ್ಳಿ. ಒಂದು ಎಚ್ಚರ ಇರಲಿ. ಆಡಿಟ್‌ನಂತೆ ಸಿಎಗಳಿಗೆ ಮಾತ್ರ ಮೀಸಲಾದ ಕೆಲಸವಾದರೆ, ಕನಿಷ್ಠ ಫೀಸ್ ನಮೂದಿಸದ ಟೆಂಡರಿಗೆ ದರ ಹಾಕಬಾರದು ಎಂದು ಐಸಿಎಐ ಮಾರ್ಗಸೂಚಿ 2016ರಿಂದ ಇದೆ. ಲೆಕ್ಕ ತಯಾರಿಕೆ ಮೀಸಲು ಕೆಲಸ ಅಲ್ಲ, ಹಾಕಬಹುದು. ಹಾಕುವಾಗ ವಾರ್ಡ್‌ವಾರು ತೆರಿಗೆ ಬೇಡಿಕೆ ರಿಜಿಸ್ಟರ್ ಎಷ್ಟು ವರ್ಷ ಹಿಂದೆ ಬಿದ್ದಿದೆ ಎಂದು ಮೊದಲೇ ಕೇಳಿಕೊಳ್ಳಿ. ಟೆಂಡರ್ ದಾಖಲೆಯಲ್ಲಿ ಅದನ್ನು ಬರೆದಿರುವುದಿಲ್ಲ.